ವೂಲ್‌ವರ್ತ್ಸ್ ಮುಚ್ಚಿಹೋಯ್ತಲ್ವಾ? ಮತ್ತೆ ಮೆಲ್ಬರ್ನಿನಲ್ಲಿರೋದು ಯಾವುದು?

ಪ್ರಶ್ನೆ: ನಮ್ಮಕ್ಕ ಮೆಲ್ಬರ್ನಿನಲ್ಲಿದ್ದಾಳೆ. ವಾರಕ್ಕೆರಡು ಸಲ ವೂಲ್‌ವರ್ತ್ಸ್‌ಗೆ ಹೋಗಿ ಹಾಲು, ತರಕಾರಿ ತರುತ್ತಾಳೆ. ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಬಂದ ಚಿಕ್ಕಪ್ಪ ಮಾತ್ರ "ಅದು ದಿವಾಳಿಯಾಗಿ ಎಷ್ಟೋ ವರ್ಷ ಆಯ್ತು" ಅಂತ ವಾದ ಮಾಡ್ತಾರೆ. ಇಬ್ಬರಲ್ಲಿ ಯಾರು ಸರಿ? ಇದು ಭಾರತಕ್ಕೆ ಯಾವತ್ತಾದರೂ ಬಂದಿತ್ತಾ?

ಇಬ್ಬರೂ ಸರಿ. ಹೊರದೇಶದಲ್ಲಿ ನೆಂಟರಿರುವವರು ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ಕೇಪ್‌ಟೌನಿಗೆ ಹೋಗಿಬಂದವರು ವೂಲ್‌ವರ್ತ್ಸ್ ಅಂದರೆ ದುಬಾರಿ ಅಂಗಡಿ ಅನ್ನುತ್ತಾರೆ. ಜರ್ಮನಿಯಲ್ಲಿರುವವರು, ಛೆ, ಅಗ್ಗದ ಮಾಲಿಗೆ ಹೋಗೋದೇ ಅಲ್ಲಿಗೆ ಅನ್ನುತ್ತಾರೆ. ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮೂರೂ ಕಡೆ ಜನರ ಬಾಯಲ್ಲಿ ಅದು 'ವೂಲೀಸ್'. ಗೊಂದಲ ಆಗದೆ ಇನ್ನೇನು?

ಮೊದಲು ಅಸಲಿ ವೂಲ್‌ವರ್ತ್ ಯಾರು ಅಂತ ನೋಡೋಣ.

ನಮ್ಮ ಜಾತ್ರೆಗಳಲ್ಲಿ "ಏನೇ ತಗೊಳ್ಳಿ ಹತ್ತು ರೂಪಾಯಿ" ಅಂತ ಕೂಗುವ ಗಾಡಿ ನೋಡಿರುತ್ತೀರಿ. ಬಾಚಣಿಗೆ, ಟೀ ಜರಡಿ, ಪಿನ್ನು, ಕನ್ನಡಿ ಎಲ್ಲ ಒಂದೇ ರಾಶಿ. ಅಮೆರಿಕದ ಫ್ರಾಂಕ್ ವಿನ್‌ಫೀಲ್ಡ್ ವೂಲ್‌ವರ್ತ್ ಹಿಡಿದದ್ದು ಇದೇ ದಾರಿ. ನ್ಯೂಯಾರ್ಕ್ ರಾಜ್ಯದ ಹಳ್ಳಿ ಕಡೆಯ ರೈತನ ಮಗ, ಹುಟ್ಟಿದ್ದು 1852ರಲ್ಲಿ. ವಾಟರ್‌ಟೌನ್ ಅನ್ನುವ ಊರಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಗಿರಾಕಿಗಳ ಜೊತೆ ಮಾತಾಡಿ ಮಾಲು ಸಾಗಿಸೋದರಲ್ಲಿ ಅಷ್ಟೇನೂ ಚುರುಕಿರಲಿಲ್ಲವಂತೆ. ಆಗಿನ ಅಂಗಡಿಗಳಲ್ಲಿ ಮಾಲೆಲ್ಲ ಗಲ್ಲಾದ ಹಿಂದೆ ಇರುತ್ತಿತ್ತು, ಬೇಕಾದ್ದನ್ನು ಕೇಳಿ ತೆಗೆಸಿಕೊಂಡು, ರೇಟು ಕೇಳಿ, ಆಮೇಲೆ ಯೋಚನೆ ಮಾಡಬೇಕಿತ್ತು. 1878ರಲ್ಲಿ ಆ ಅಂಗಡಿಯಲ್ಲಿ ಮಿಕ್ಕುಳಿದ ಸಣ್ಣಪುಟ್ಟ ಸಾಮಾನನ್ನೆಲ್ಲ ಒಂದು ಮೇಜಿನ ಮೇಲೆ ಹರವಿ, 'ಯಾವುದಾದರೂ ಐದು ಸೆಂಟ್' ಅಂತ ಬೋರ್ಡು ಹಾಕಿದರು. ಮೇಜು ಖಾಲಿಯಾಯ್ತು. ಮಾತಾಡಲು ಬಾರದ ಗುಮಾಸ್ತನಿಗೆ ಇದಕ್ಕಿಂತ ಒಳ್ಳೇ ಸುದ್ದಿ ಇನ್ನೇನು ಬೇಕು, ಹೇಳಿ.

1879ರ ಫೆಬ್ರವರಿಯಲ್ಲಿ ಯುಟಿಕಾ ಊರಲ್ಲಿ ಸ್ವಂತ ಐದು ಸೆಂಟಿನ ಅಂಗಡಿ ತೆರೆದ. ಅದು ಕೆಲವೇ ತಿಂಗಳಲ್ಲಿ ಮುಳುಗಿತು. ಅದೇ ವರ್ಷ ಜೂನ್‌ನಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಇನ್ನೊಂದು ತೆರೆದ, ಅದು ಓಡಿತು. ಐದು ಸೆಂಟಿನ ಜೊತೆ ಹತ್ತು ಸೆಂಟಿನ ಮಾಲೂ ಸೇರಿತು. ಕಣ್ಣೆದುರು ಮಾಲು, ಒಂದೇ ದರ, ಚೌಕಾಸಿ ಇಲ್ಲ, ಸಾಲ ಇಲ್ಲ. 1912ರಲ್ಲಿ ಐವರು ಪ್ರತಿಸ್ಪರ್ಧಿಗಳನ್ನು ಸೇರಿಸಿಕೊಂಡು ಒಂದೇ ಕಂಪನಿ ಮಾಡಿದಾಗ ಒಟ್ಟು 596 ಅಂಗಡಿಗಳಿದ್ದವು. ಮರುವರ್ಷ ನ್ಯೂಯಾರ್ಕಿನಲ್ಲಿ ವೂಲ್‌ವರ್ತ್ ಬಿಲ್ಡಿಂಗ್ ಎದ್ದಿತು. 241 ಮೀಟರ್ ಎತ್ತರ, ಆಗ ಜಗತ್ತಿನ ಅತಿ ಎತ್ತರದ ಕಟ್ಟಡ, ಖರ್ಚು 1.35 ಕೋಟಿ ಡಾಲರ್. ಅದನ್ನು ನಗದಾಗಿಯೇ ಕೊಟ್ಟ ಅನ್ನುವುದು ಫ್ರಾಂಕ್‌ನ ಹೆಮ್ಮೆ. ಆ ಕಟ್ಟಡದ ಒಳಗೆ, ಮೊಗಸಾಲೆಯ ಮೇಲ್ಭಾಗದಲ್ಲಿ, ಅವನದ್ದೇ ಒಂದು ತಮಾಷೆಯ ಕೆತ್ತನೆ ಇದೆ: ಕೂತು ಐದು ಸೆಂಟಿನ ನಾಣ್ಯ ಎಣಿಸುತ್ತಿದ್ದಾನೆ.

1909ರಲ್ಲಿ ಫ್ರಾಂಕ್ ಇಂಗ್ಲೆಂಡಿನ ಲಿವರ್‌ಪೂಲಿಗೂ ಕಾಲಿಟ್ಟಿದ್ದ. ನಿಮ್ಮ ಚಿಕ್ಕಪ್ಪನ ವೂಲ್‌ವರ್ತ್ಸ್ ಇದೇ, ಅಂದರೆ ಅಸಲಿ ವಂಶದ್ದು. ಅಲ್ಲಿ ಮೂರು ಮತ್ತು ಆರು ಪೆನ್ಸಿನ ದರ, ಆರು ಪೆನ್ಸಿಗಿಂತ ಮೇಲೆ ಏನೂ ಇಲ್ಲ ಅನ್ನುವ ನಿಯಮ. ಪಾತ್ರೆಯ ಬೆಲೆ ಆರು ಪೆನ್ಸ್ ದಾಟಿದರೆ? ಪಾತ್ರೆಗೆ ಆರು, ಮುಚ್ಚಳಕ್ಕೆ ಬೇರೆ. ನಮ್ಮ ಪೇಟೆಯ ವ್ಯಾಪಾರಿಗಳೂ ಮೆಚ್ಚುವ ಬುದ್ಧಿ. ಜರ್ಮನಿಯ ಅಂಗಡಿಗಳೂ ಇದೇ ಕಂಪನಿ 1920ರ ದಶಕದಲ್ಲಿ ಶುರು ಮಾಡಿದ್ದು.

ಹಾಗಾದರೆ ಅಕ್ಕ ಹಾಲು ತರೋದು ಎಲ್ಲಿಂದ?

ಹೆಸರಿನ ಹಕ್ಕು ಅನ್ನೋದು ದೇಶ ದೇಶಕ್ಕೂ ಬೇರೆ. ಒಂದು ದೇಶದಲ್ಲಿ ನೋಂದಾಯಿಸಿದರೆ ಇನ್ನೊಂದು ದೇಶದಲ್ಲಿ ಅದು ತಾನಾಗಿ ನಿಮ್ಮದಾಗೋದಿಲ್ಲ. ಫ್ರಾಂಕ್ 1919ರಲ್ಲಿ ತೀರಿಕೊಂಡ. ಆಸ್ಟ್ರೇಲಿಯಾದಲ್ಲಿ ಅವನ ಕಂಪನಿ ಹೆಸರು ನೋಂದಾಯಿಸಿರಲೇ ಇಲ್ಲ. 1924ರಲ್ಲಿ ಸಿಡ್ನಿಯ ಕೆಲವರು ಸೇರಿ ಅಗ್ಗದ ಅಂಗಡಿ ತೆರೆಯಲು ಹೊರಟಾಗ 'ವಾಲ್‌ವರ್ತ್ಸ್ ಬಜಾರ್' ಅಂತ ಹೆಸರಿಡುವ ಮಾತಿತ್ತು, ಅಮೆರಿಕದ ಹೆಸರಿನ ಮೇಲೆ ಒಂದು ಕುಚೋದ್ಯ ಅಷ್ಟೇ. ಹೇಗೂ ಇಲ್ಲಿ ಯಾರದ್ದೂ ಅಲ್ಲವಲ್ಲ, ಪೂರ್ತಿ ವೂಲ್‌ವರ್ತ್ಸ್ ಅಂತಲೇ ಇಟ್ಟರೆ ಏನಾಗುತ್ತೆ ಅಂತ ಅವರಲ್ಲೊಬ್ಬರಿಗೆ ಅನಿಸಿತು. ಹೋಗಿ ನೋಂದಾಯಿಸಿದರು, ಸಿಕ್ಕಿಯೇಬಿಟ್ಟಿತು! ಆ ಡಿಸೆಂಬರ್ 5ರಂದು ಇಂಪೀರಿಯಲ್ ಆರ್ಕೇಡ್‌ನ ನೆಲಮಾಳಿಗೆಯಲ್ಲಿ ಮೊದಲ ಅಂಗಡಿ ತೆರೆಯಿತು. ಅಮೆರಿಕದ ದುಡ್ಡು ಇಲ್ಲ, ಅನುಮತಿಯೂ ಇಲ್ಲ. ಮುಂದೆ ಅದು ದಿನಸಿ ಕಡೆ ಹೊರಳಿ ದೇಶದ ಅತಿ ದೊಡ್ಡ ಸೂಪರ್ ಮಾರ್ಕೆಟ್ ಸರಪಳಿಯಾಯಿತು. ನಮ್ಮಲ್ಲಿ ಬೀದಿಗೊಂದು ಅಯ್ಯಂಗಾರ್ ಬೇಕರಿ ಇದ್ದು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರೋದಿಲ್ಲ ನೋಡಿ, ಹಾಗೆ. ವ್ಯತ್ಯಾಸ ಇಷ್ಟೇ, ಅಯ್ಯಂಗಾರ್ ಅನ್ನೋದು ಯಾರೊಬ್ಬರ ಸೊತ್ತೂ ಅಲ್ಲ, ವೂಲ್‌ವರ್ತ್ ಅನ್ನೋದು ಒಬ್ಬ ಬದುಕಿ ಬಾಳಿದ ಮನುಷ್ಯನ ಹೆಸರು.

ದಕ್ಷಿಣ ಆಫ್ರಿಕಾದ್ದೂ ಹೀಗೇ ಬೇರೆ. 1931ರಲ್ಲಿ ಮ್ಯಾಕ್ಸ್ ಸೊನೆನ್‌ಬರ್ಗ್ ಅನ್ನುವವರು ಕೇಪ್‌ಟೌನಿನ ಹಳೇ ರಾಯಲ್ ಹೋಟೆಲ್‌ನಲ್ಲಿ ತೆರೆದದ್ದು. ಅವರು ನಂಟು ಬೆಳೆಸಿದ್ದು ಇಂಗ್ಲೆಂಡಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಜೊತೆ, ಆದ್ದರಿಂದಲೇ ಬಟ್ಟೆ, ಊಟದ ಸಾಮಾನು ಎಲ್ಲ ಸ್ವಲ್ಪ ಮೇಲ್ದರ್ಜೆ. 2014ರಲ್ಲಿ ಈ ದಕ್ಷಿಣ ಆಫ್ರಿಕಾದ ಕಂಪನಿಯವರು ಆಸ್ಟ್ರೇಲಿಯಾದ ಡೇವಿಡ್ ಜೋನ್ಸ್ ಅನ್ನುವ, 1838ರಿಂದ ಇದ್ದ ಡಿಪಾರ್ಟ್‌ಮೆಂಟ್ ಸ್ಟೋರನ್ನು ಕೊಂಡುಕೊಂಡರು. ಆಗ ಆಸ್ಟ್ರೇಲಿಯಾದ ಪೇಪರಿನವರ ಪಾಡು ನೆನೆಸಿಕೊಳ್ಳಿ. ವೂಲ್‌ವರ್ತ್ಸ್ ಡೇವಿಡ್ ಜೋನ್ಸ್ ಕೊಂಡಿತು, ಆದರೆ ನಮ್ಮ ವೂಲ್‌ವರ್ತ್ಸ್ ಅಲ್ಲ ಅಂತ ಪ್ರತಿ ಸಲ ಬರೀಬೇಕು!

ಇನ್ನು ಅಸಲಿಯ ಕಥೆ. ಅದರಲ್ಲಿ ಒಂದು ದಿನವನ್ನು ಬಿಟ್ಟು ಮುಂದೆ ಹೋಗಲಾಗದು. 1960ರ ಫೆಬ್ರವರಿ 1, ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ. ಅಲ್ಲಿನ ವೂಲ್‌ವರ್ತ್‌ನಲ್ಲಿ ಕರಿಯರು ಸಾಮಾನು ಕೊಳ್ಳಬಹುದಿತ್ತು, ಊಟದ ಕೌಂಟರಿನಲ್ಲಿ ಕೂರುವಂತಿರಲಿಲ್ಲ. ನಾಲ್ಕು ಜನ ಕರಿಯ ಕಾಲೇಜು ಹುಡುಗರು ಒಳಗೆ ಹೋಗಿ ಮೊದಲು ಟೂತ್‌ಪೇಸ್ಟ್‌ನಂಥ ಸಣ್ಣ ಸಾಮಾನು ಕೊಂಡರು. ರಸೀತಿ ಇಟ್ಟುಕೊಂಡರು. ಆಮೇಲೆ ಕೌಂಟರಿನ ಸ್ಟೂಲಿನ ಮೇಲೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಆ ಕೌಂಟರಿನಲ್ಲಿ ನಮ್ಮ ದುಡ್ಡು ಆಗುತ್ತೆ, ಈ ಕೌಂಟರಿನಲ್ಲಿ ಯಾಕೆ ಆಗಲ್ಲ ಅಂತ ಅವರ ಪ್ರಶ್ನೆ. ಅಂಗಡಿ ಮುಚ್ಚುವವರೆಗೂ ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು, ಅದರ ಮರುದಿನ ಇನ್ನೂ ಜಾಸ್ತಿ, ಕೆಲವೇ ವಾರಗಳಲ್ಲಿ ದಕ್ಷಿಣದ ಎಷ್ಟೋ ಊರುಗಳಲ್ಲಿ ಹೀಗೇ ಕೂರುವುದು ಶುರುವಾಯಿತು. ಜುಲೈ 25ಕ್ಕೆ ಅಂಗಡಿ ಸೋತಿತು. ಅವತ್ತು ಆ ಕೌಂಟರಿನಲ್ಲಿ ಮೊದಲು ಊಟ ಮಾಡಿದ ಕರಿಯರು ಅದೇ ಅಂಗಡಿಯ ನೌಕರರು. ಆ ಕಟ್ಟಡ ಈಗ ಮ್ಯೂಸಿಯಂ.

ಮುಳುಗಿದ್ದು ಹೇಗೆ? ಕಾಲ ಬದಲಾದದ್ದು ಅವರಿಗೆ ಗೊತ್ತಾಗಲಿಲ್ಲ ಅಂತ ಸುಮ್ನೆ ಹೇಳುತ್ತಾರೆ, ಅದು ನಿಜ ಅಲ್ಲ. 1962ರಲ್ಲಿ ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಅನ್ನುವ ಅಗ್ಗದ ದರದ ದೊಡ್ಡ ಅಂಗಡಿಗಳು ಮೂರೂ ಶುರುವಾದವು. ಅದೇ ವರ್ಷ ವೂಲ್‌ವರ್ತ್ ಕೂಡ ಊರ ಹೊರಗೆ, ಕಾರು ನಿಲ್ಲಿಸಲು ಜಾಗ ಇರುವಂಥ, ವೂಲ್ಕೊ ಅನ್ನುವ ದೊಡ್ಡ ಅಂಗಡಿಗಳನ್ನು ಶುರು ಮಾಡಿತ್ತು. ಗೊತ್ತಿತ್ತು, ಚೆನ್ನಾಗಿ ನಡೆಸಲು ಆಗಲಿಲ್ಲ, ಪೇಟೆಯೊಳಗಿನ ಹಳೇ ಅಂಗಡಿಗಳನ್ನು ಬಿಡಲೂ ಮನಸ್ಸಿರಲಿಲ್ಲ. ಅಮೆರಿಕದ ವೂಲ್ಕೊ 1980ರ ದಶಕದ ಆರಂಭದಲ್ಲೇ ಮುಚ್ಚಿತು. ಕೆನಡಾದಲ್ಲಿ ಉಳಿದಿದ್ದವುಗಳಲ್ಲಿ 122 ಅಂಗಡಿಗಳನ್ನು 1994ರಲ್ಲಿ ಕೊಂಡದ್ದು ಯಾರು? ವಾಲ್‌ಮಾರ್ಟ್. 1997ರಲ್ಲಿ ಡೌ ಜೋನ್ಸ್ ಅನ್ನುವ, ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕದ ಪಟ್ಟಿಯಿಂದ ವೂಲ್‌ವರ್ತ್ ಹೊರಬಿದ್ದಾಗ ಆ ಜಾಗಕ್ಕೆ ಬಂದದ್ದೂ ವಾಲ್‌ಮಾರ್ಟೇ. ಅದೇ ವರ್ಷ ಅಮೆರಿಕದಲ್ಲಿ ಉಳಿದ ಅಂಗಡಿಗಳಿಗೆ ಬೀಗ ಹಾಕುವ ತೀರ್ಮಾನವಾಯಿತು. ಆದರೆ ಕಂಪನಿ ಸಾಯಲಿಲ್ಲ. 1974ರಲ್ಲಿ ತಾನೇ ಶುರು ಮಾಡಿದ್ದ ಒಂದು ಶೂ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು, 2001ರಲ್ಲಿ ಕಂಪನಿ ಅದರ ಹೆಸರನ್ನೇ ಇಟ್ಟುಕೊಂಡಿತು. ಫುಟ್ ಲಾಕರ್!

ಬ್ರಿಟನ್ನಿನ ಅಂಗಡಿಗಳು 1982ರಲ್ಲೇ ಅಮೆರಿಕದವರ ಕೈ ಬಿಟ್ಟು ಅಲ್ಲಿನವರ ಪಾಲಾಗಿದ್ದವು. ಆ ಕಂಪನಿ ಮುಂದೆ ಕಿಂಗ್‌ಫಿಷರ್ ಅಂತ ಹೆಸರಿಟ್ಟುಕೊಂಡಿತು (ನಮ್ಮ ಬೆಂಗಳೂರಿನ ಬಿಯರಿಗೂ ಇದಕ್ಕೂ ಸಂಬಂಧವಿಲ್ಲ, ಇದು ಇನ್ನೊಂದು ಹೆಸರಿನ ರಗಳೆ). 2001ರಲ್ಲಿ ವೂಲ್‌ವರ್ತ್ಸನ್ನು ಬೇರೆ ಮಾಡಿ ಹೊರಗೆ ಬಿಡುವ ಹೊತ್ತಿಗೆ 182 ಅಂಗಡಿಗಳ ಕಟ್ಟಡಗಳನ್ನು ಮಾರಿ, ಅದೇ ಕಟ್ಟಡಗಳಿಗೆ ಬಾಡಿಗೆ ಕಟ್ಟುವ ಏರ್ಪಾಡು ಮಾಡಿದ್ದರು. ಸ್ವಂತ ಮನೆ ಮಾರಿ ಅದೇ ಮನೆಯಲ್ಲಿ ಬಾಡಿಗೆಗೆ ಕೂತಂತೆ. ನನ್ನ ಲೆಕ್ಕದಲ್ಲಿ ಅಲ್ಲೇ ಅರ್ಧ ಕಥೆ ಮುಗಿದಿತ್ತು. ಬಾಡಿಗೆ ಏರುತ್ತಾ ಹೋಯಿತು, ವ್ಯಾಪಾರ ಏರಲಿಲ್ಲ. 2008ರ ನವೆಂಬರ್‌ನಲ್ಲಿ ಕೈಚೆಲ್ಲಿದರು. ಕೊನೆಯ ದಿನಗಳಲ್ಲಿ ಕಪಾಟು, ಹುಕ್ಕು, ಬುಟ್ಟಿಗಳಿಗೂ ದರ ಚೀಟಿ ಅಂಟಿಸಿ ಮಾರಿದರು. 2009ರ ಜನವರಿ 6ಕ್ಕೆ ಕೊನೆಯ ಅಂಗಡಿಗಳು ಮುಚ್ಚಿದವು. ಒಟ್ಟು 807 ಅಂಗಡಿ, ಸುಮಾರು 27,000 ಕೆಲಸ. ಲಿವರ್‌ಪೂಲಿನಲ್ಲಿ ಮೊದಲ ಅಂಗಡಿ ತೆರೆದು ಆಗ 99 ವರ್ಷ ತುಂಬಿತ್ತು. ಜರ್ಮನಿಯದ್ದೂ ಅದೇ 2009ರಲ್ಲಿ ದಿವಾಳಿಯಾಯಿತು, ಆದರೆ ಹೊಸ ಮಾಲೀಕರು ಸಿಕ್ಕಿ ಎದ್ದು ಕೂತಿತು.

ಭಾರತಕ್ಕೆ ಬಂದಿತ್ತಾ ಅಂತ ಕೇಳಿದಿರಲ್ಲ? ಬಂದಿತ್ತು, ಆದರೆ ನಿಮ್ಮ ಅಕ್ಕನ ವೂಲ್‌ವರ್ತ್ಸ್. 2006ರಲ್ಲಿ ಟಾಟಾದವರು ಕ್ರೋಮಾ ಶುರು ಮಾಡಿದಾಗ ಅದಕ್ಕೆ ಮಾಲು ಒದಗಿಸುವ ಕೆಲಸ ಆಸ್ಟ್ರೇಲಿಯಾದ ವೂಲ್‌ವರ್ತ್ಸ್‌ನದು. ಎಲ್ಲ ಬ್ರ್ಯಾಂಡುಗಳ ಮಾಲು ಮಾರುವ ಅಂಗಡಿಯನ್ನು ಹೊರದೇಶದವರು ಇಲ್ಲಿ ನೇರವಾಗಿ ತೆರೆಯಲು ಆಗ ಬಿಡುತ್ತಿರಲಿಲ್ಲ, ಸಗಟು ವ್ಯಾಪಾರಕ್ಕೆ ಅಡ್ಡಿ ಇರಲಿಲ್ಲ. 2012ರಲ್ಲಿ ಆ ಸಗಟು ವ್ಯವಹಾರವನ್ನು ಟಾಟಾದವರೇ ಕೊಂಡುಕೊಂಡರು. ಹಾಗಾಗಿ ಆ ವರ್ಷಗಳಲ್ಲಿ ಬೆಂಗಳೂರಿನ ಕ್ರೋಮಾದಲ್ಲಿ ಟಿವಿಯೋ ಮಿಕ್ಸಿಯೋ ಕೊಂಡಿದ್ದರೆ, ಅದು ವೂಲ್‌ವರ್ತ್ಸ್ ಕೈ ದಾಟಿಯೇ ನಿಮ್ಮನೆಗೆ ಬಂದಿರಬಹುದು. ಬೋರ್ಡಿನ ಮೇಲೆ ಮಾತ್ರ ಆ ಹೆಸರು ಇರಲಿಲ್ಲ.