ಮುಳ್ಳು ಮಿಣುಕಿದರೆ ಕಾರ್ಡಿನ ತಪ್ಪಲ್ಲ

ಹಳೇ 486 ಕಂಪ್ಯೂಟರಿನ ಮೇಲೆ ಟರ್ಬೋ ಸಿ ಅನ್ನುವ ಡಾಸ್ ಕಾಲದ ಕಂಪೈಲರು ಹಾಕಿಕೊಂಡು ಗ್ರಾಫಿಕ್ಸ್ ಬರೆಯುವ ಹುಡುಗರು ನನಗೆ ತೋರಿಸುವ ಕೋಡಿನಲ್ಲಿ ಮುಕ್ಕಾಲು ಪಾಲು ಕಾಯಿಲೆ ಒಂದೇ. ಒಂದು ವೈಲ್ ಲೂಪ್. ಅದರೊಳಗೆ ಮೊದಲ ಸಾಲೇ ಕ್ಲಿಯರ್‌ಡಿವೈಸ್, ಅಂದರೆ ಪರದೆ ಪೂರ್ತಿ ಒರೆಸುವುದು. ಆಮೇಲೆ ಮೀಟರಿನ ಡಯಲು, ಅದರ ಸುತ್ತ ಗೀಟು, ಅಂಕಿ, ಮುಳ್ಳು ಎಲ್ಲವನ್ನೂ ಹೊಸದಾಗಿ ಬಿಡಿಸುವುದು. ಕೊನೆಗೊಂದು ಡಿಲೇ. ಮತ್ತೆ ಮೊದಲಿಂದ.

ಹೋದ ತಿಂಗಳು ಬಂದವನದೂ ಇದೇ ಕಥೆ. "ಸರ್, ಲ್ಯಾಪ್‌ಟಾಪಲ್ಲಿ ಡಾಸ್‌ಬಾಕ್ಸ್ ಹಾಕಿ ನೋಡಿದ್ರೆ ಚೆನ್ನಾಗೇ ಓಡುತ್ತೆ. ಈ ಮಷೀನಲ್ಲಿ ಮುಳ್ಳು ಮಿಣಮಿಣ ಅಂತಿದೆ. ವಿಜಿಎ ಕಾರ್ಡೇ ಹೋಗಿರಬೇಕು, ಎಸ್‌ಪಿ ರೋಡಲ್ಲಿ ಇನ್ನೊಂದು ಸಿಗುತ್ತಾ?" ಅಂದ. ಡಾಸ್‌ಬಾಕ್ಸ್ ಅಂದರೆ ಹೊಸ ಕಂಪ್ಯೂಟರಿನಲ್ಲಿ ಹಳೇ ಡಾಸ್ ಮಷೀನನ್ನು ಅನುಕರಿಸುವ ಪ್ರೋಗ್ರಾಂ, ವಿಜಿಎ ಅಂದರೆ ಮಾನಿಟರಿಗೆ ಚಿತ್ರ ಕಳಿಸುವ ಕಾರ್ಡು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಈಗ ಹಳೇ ಐಎಸ್‌ಎ ಸ್ಲಾಟಿಗೆ ಸಿಕ್ಕಿಸುವ ಕಾರ್ಡು ಹುಡುಕುವ ಕಷ್ಟ ನನಗೆ ಗೊತ್ತು. ಸದ್ಯ, ಹುಡುಕಬೇಕಾಗಲಿಲ್ಲ. ಕಾರ್ಡು ಗಟ್ಟಿಮುಟ್ಟಾಗಿತ್ತು.

ನನ್ನ ಹೊಟ್ಟೆಪಾಡಿನ ಕೆಲಸ ಕಾರ್ಖಾನೆ ಯಂತ್ರಗಳ ಡಿಸ್‌ಪ್ಲೇ. ಒತ್ತಡ ಎಷ್ಟಿದೆ, ಬಿಸಿ ಎಷ್ಟಿದೆ ಅಂತ ತೋರಿಸುವ ಸಣ್ಣ ಪರದೆಗಳಿಗೆ ಕೋಡ್ ಬರೆಯುತ್ತೇನೆ. ಡಾಸ್ ಮಷೀನು ಭಾನುವಾರದ ಹುಚ್ಚು. ಆದರೆ ಎರಡೂ ಕಡೆ ತಲೆನೋವು ಒಂದೇ. ಟರ್ಬೋ ಸಿಯಲ್ಲಿ ಚಿತ್ರ ಬಿಡಿಸಲು ಇರುವ ಬಿಜಿಐ ಲೈಬ್ರರಿಯಲ್ಲಿ 640×480, 16 ಬಣ್ಣದ ಒಂದು ಪರದೆಗೆ 1,53,600 ಬೈಟ್ ಬೇಕು. ಇವತ್ತು ಮೈಕ್ರೋಕಂಟ್ರೋಲರಿಗೆ (ಯಂತ್ರದೊಳಗಿನ ಪುಟ್ಟ ಕಂಪ್ಯೂಟರ್ ಚಿಪ್ಪಿಗೆ) ಸಿಕ್ಕಿಸುವ 320×240ರ 16 ಬಿಟ್ ಬಣ್ಣದ ಪರದೆಗೂ ಸರಿಯಾಗಿ 1,53,600 ಬೈಟೇ. ಬೇಕಾದರೆ ಗುಣಿಸಿ ನೋಡಿ. ಆ ಬೈಟುಗಳು ಹೋಗುವ ದಾರಿ ಎರಡರಲ್ಲೂ ಕಿರಿದು. ಅಲ್ಲೇ ಎಲ್ಲ ಸಿಕ್ಕಿಹಾಕಿಕೊಳ್ಳುವುದು.

ಮಿಣುಕುವುದು ಯಾಕೆ ಅಂದರೆ, ನಿಮ್ಮ ಪ್ರೋಗ್ರಾಂ ಏನೇ ಮಾಡುತ್ತಿರಲಿ, ವಿಜಿಎ ಕಾರ್ಡು ತನ್ನ ಪಾಡಿಗೆ ತಾನು ವಿಡಿಯೋ ಮೆಮೊರಿ ಓದಿ ಮಾನಿಟರಿಗೆ ಕಳಿಸುತ್ತಲೇ ಇರುತ್ತದೆ, ಈ 640×480 ಮೋಡಿನಲ್ಲಿ ಸೆಕೆಂಡಿಗೆ 60 ಸಲ. ನೀವು ಪರದೆ ಒರೆಸಿ ಡಯಲು ಅರ್ಧ ಬಿಡಿಸಿದ ಹೊತ್ತಿಗೆ ಅದು ಓದಲು ಬಂದರೆ ಅರ್ಧ ಡಯಲೇ ಕಾಣುತ್ತದೆ. ಡಾಸ್‌ಬಾಕ್ಸಿನಲ್ಲಿ ಇದು ಗೊತ್ತಾಗದಿರಲು ಕಾರಣ, ಅಲ್ಲಿ ವಿಡಿಯೋ ಮೆಮೊರಿಗೆ ಬರೆಯುವುದಕ್ಕೆ ಐಎಸ್‌ಎ ಸ್ಲಾಟಿನ ನಿಧಾನವೇ ಇಲ್ಲ. ರಂಗೋಲಿಯಲ್ಲಿ ಒಂದು ಎಳೆ ತಪ್ಪಿದರೆ ಅದನ್ನಷ್ಟೇ ಒರೆಸುತ್ತೇವೆ. ಬಕೆಟ್ ನೀರು ಸುರಿದು ಅಂಗಳವನ್ನೇ ತೊಳೆಯುವುದಿಲ್ಲ, ಅಲ್ವಾ?

ಈಗ ಲೈಬ್ರರಿಯ ಒಳಗೆ ಇಣುಕಬೇಕು. 16 ಬಣ್ಣ ಅಂದರೆ ಒಂದು ಪಿಕ್ಸೆಲಿಗೆ 4 ಬಿಟ್. ಆದರೆ ಗ್ರಾಫಿಕ್ಸ್ ಮೆಮೊರಿಗೆ ಡಾಸ್ ಪ್ರೋಗ್ರಾಮಿನಿಂದ ಕಾಣುವ ಕಿಟಕಿ 64 ಕೆಬಿ ಮಾತ್ರ. ಅದಕ್ಕೇ ನಾಲ್ಕು ಬಿಟ್ಟುಗಳನ್ನು ನಾಲ್ಕು ಪದರಗಳಲ್ಲಿ ಇಟ್ಟಿದ್ದಾರೆ. ಒಂದೊಂದು ಪದರ 38,400 ಬೈಟು, ನಾಲ್ಕೂ ಒಂದೇ ವಿಳಾಸದಲ್ಲಿ. ಒಂದು ಬೈಟಿನಲ್ಲಿ ಅಕ್ಕಪಕ್ಕದ ಎಂಟು ಪಿಕ್ಸೆಲ್ ಇರುತ್ತವೆ. ಅದರಲ್ಲಿ ಒಂದನ್ನು ಮಾತ್ರ ಬದಲಿಸಬೇಕಾದರೆ ಮೊದಲು ಪೋರ್ಟಿಗೆ ಬರೆದು ಉಳಿದ ಏಳನ್ನು ಮುಚ್ಚಬೇಕು, ಹಳೇ ಬೈಟ್ ಓದಬೇಕು, ಆಮೇಲೆ ಹೊಸದು ಬರೆಯಬೇಕು. ಪುಟ್‌ಪಿಕ್ಸೆಲ್ ಅಂತ ಒಂದು ಸಾಲು ಬರೆದು ನೀವು ಕೈ ತೊಳೆದುಕೊಂಡಿರುತ್ತೀರಿ, ಪಾಪ ಅದು ಒಂದು ಚುಕ್ಕಿಗೆ ಇಷ್ಟೆಲ್ಲ ಓಡಾಡುತ್ತಿರುತ್ತದೆ. ಬಾರ್ ಫಂಕ್ಷನ್ನಿಗೆ ಎಂಟೆಂಟು ಪಿಕ್ಸೆಲನ್ನು ಒಟ್ಟಿಗೆ ತುಂಬುವ ಅನುಕೂಲ ಇದೆ. ಆದ್ದರಿಂದ ಚೌಕ ತುಂಬಲು ಪುಟ್‌ಪಿಕ್ಸೆಲ್ ಲೂಪ್ ಹಾಕಬೇಡಿ.

ಮಿಣುಕಾಟಕ್ಕೆ ಸುಲಭದ ಮದ್ದು ಎರಡು ಪುಟ ಇಟ್ಟುಕೊಳ್ಳುವುದು. ಕಣ್ಣಿಗೆ ಕಾಣದ ಪುಟದಲ್ಲಿ ಬಿಡಿಸಿ, ಮುಗಿದ ಮೇಲೆ ಪುಟ ಮಗುಚುವುದು. ಸೆಟ್‌ಆಕ್ಟಿವ್‌ಪೇಜ್, ಸೆಟ್‌ವಿಶುಯಲ್‌ಪೇಜ್ ಇರುವುದೇ ಇದಕ್ಕೆ. ಆದರೆ ಗ್ರಾಫಿಕ್ಸ್ ಶುರುಮಾಡುವ ಇನಿಟ್‌ಗ್ರಾಫಿಗೆ ಡಿಟೆಕ್ಟ್ (ಮೋಡು ನೀನೇ ಆರಿಸಿಕೋ) ಅಂತ ಕೊಟ್ಟರೆ ಅದು 640×480ಕ್ಕೇ ಹೋಗಿ ಕೂರುತ್ತದೆ, ಅಲ್ಲಿ ಒಂದೇ ಪುಟ. ಮಾಮೂಲಿ ವಿಜಿಎಯಲ್ಲಿ ಇರುವುದು 256 ಕೆಬಿ, ಎರಡು ಪುಟಕ್ಕೆ 3,07,200 ಬೈಟ್ ಬೇಕು, ಎಲ್ಲಿಂದ ತರೋದು? ಒಂದು ಮೆಟ್ಟಿಲು ಇಳಿದು ವಿಜಿಎಮೆಡ್ ಮೋಡು ಕೇಳಿ. 640×350. ಇಲ್ಲಿ ಎರಡು ಪುಟ ಹಿಡಿಸುತ್ತದೆ.

ಹುಡುಗ ಮೋಡು ಬದಲಿಸಿದ. ಮಿಣುಕುವುದು ನಿಂತಿತು. ಆದರೆ ಮುಳ್ಳು ಮೇಲಕ್ಕೆ ತಿರುಗಿದಾಗ ಡಯಲಿನಿಂದ ಆಚೆ ಇಣುಕತೊಡಗಿತು. ನಾನು ನಕ್ಕುಬಿಟ್ಟೆ. ಇದೇ ತಪ್ಪಿಗೆ ನನ್ನದೂ ಒಂದು ಭಾನುವಾರ ಪೂರ್ತಿ ಹಾಳಾಗಿದೆ. 4:3 ಮಾನಿಟರಿನಲ್ಲಿ 640×480 ಇದ್ದರೆ ಪಿಕ್ಸೆಲ್ ಚೌಕವಾಗಿರುತ್ತದೆ. 640×350ಕ್ಕೆ ಬಂದರೆ ಅದೇ ಪಿಕ್ಸೆಲ್ ಅಗಲಕ್ಕಿಂತ ಎತ್ತರ ಜಾಸ್ತಿ. ಸರ್ಕಲ್ ಫಂಕ್ಷನ್ನಿಗೆ ಇದು ಗೊತ್ತು, ಅದು ಒಳಗೇ ಸರಿಮಾಡಿಕೊಂಡು ಗುಂಡಗೆ ಬಿಡಿಸುತ್ತದೆ. ಸೈನ್, ಕಾಸ್ ಹಾಕಿ ಮುಳ್ಳಿನ ತುದಿ ಲೆಕ್ಕ ಹಾಕಿದ್ದು ನೀವು. ನಿಮ್ಮ ಲೆಕ್ಕಕ್ಕೆ ಅದು ಹೇಗೆ ಗೊತ್ತಾಗಬೇಕು? ಗೆಟ್‌ಆಸ್ಪೆಕ್ಟ್‌ರೇಷಿಯೋ ಕರೆದು ಎರಡು ಅಂಕಿ ತೆಗೆದುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಮುಳ್ಳಿನ ಲಂಬ ಅಳತೆಗೆ ಗುಣಿಸಿ. ಮುಳ್ಳು ಮನೆಯೊಳಗೆ ಬರುತ್ತದೆ.

ಎರಡು ಪುಟದ ಇನ್ನೊಂದು ಗುಟ್ಟು ಕೇಳಿ. ಡಯಲು ಬದಲಾಗುವುದಿಲ್ಲ, ಅದನ್ನು ಶುರುವಿನಲ್ಲೇ ಎರಡೂ ಪುಟದಲ್ಲಿ ಒಂದೊಂದು ಸಲ ಬಿಡಿಸಿಡಿ. ಆಮೇಲೆ ಪ್ರತಿ ಸುತ್ತಿನಲ್ಲಿ ಹಳೇ ಮುಳ್ಳು ಅಳಿಸಿ ಹೊಸ ಮುಳ್ಳು ಬಿಡಿಸಿದರೆ ಸಾಕು. ಆದರೆ ಈ ಪುಟದಲ್ಲಿರುವ ಹಳೇ ಮುಳ್ಳು ಹಿಂದಿನ ಸುತ್ತಿನದಲ್ಲ, ಅದಕ್ಕೂ ಹಿಂದಿನದು! ಪುಟಕ್ಕೊಂದರಂತೆ ಎರಡು ಹಳೇ ಕೋನಗಳನ್ನು ನೆನಪಿಟ್ಟುಕೊಳ್ಳದಿದ್ದರೆ ಮುಳ್ಳುಗಳು ಬೀಸಣಿಗೆ ಥರ ಹರಡಿಕೊಳ್ಳುತ್ತವೆ.

ಅಳಿಸುವುದಕ್ಕೆ ನಾನು ಸೆಟ್‌ರೈಟ್‌ಮೋಡಿನಲ್ಲಿ ಎಕ್ಸಾರ್ ಹಾಕುತ್ತೇನೆ, ಅಂದರೆ ಹೊಸ ಬಣ್ಣದಲ್ಲಿ 1 ಇರುವ ಕಡೆಯೆಲ್ಲ ಹಳೇ ಬಿಟ್ಟನ್ನು ತಿರುಗಿಸುವ ಲೆಕ್ಕ. ಅದೇ ಗೀಟನ್ನು ಅದೇ ಜಾಗದಲ್ಲಿ ಎರಡನೇ ಸಲ ಎಳೆದರೆ ಅದು ಮಾಯ, ಕೆಳಗಿನ ಅಂಕಿ ಹಾಗೇ ಉಳಿಯುತ್ತದೆ. ಬಣ್ಣ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನೀಲಿ ಡಯಲಿನ ಮೇಲೆ ಹಳದಿ ಮುಳ್ಳು ಎಳೆಯಿರಿ. ನೀಲಿ 1, ಹಳದಿ 14, ಎಕ್ಸಾರ್ ಮಾಡಿದರೆ 15, ಅಂದರೆ ಬಿಳಿ. ಹಳದಿಯೇ ಬೇಕಿದ್ದರೆ 15 ಕೊಡಿ.

ಇಷ್ಟಾದ ಮೇಲೆ ಯಾರಿಗಾದರೂ ಬಿಜಿಐ ಬೇಸರ ಬಂದು ವಿಜಿಎಯ ಇನ್ನೊಂದು ಮೋಡಾದ 13 ಹೆಕ್ಸ್ ಕಡೆ ಮನಸ್ಸು ಹೋಗುತ್ತದೆ. ಹೋಗಲಿ, ಒಳ್ಳೆಯದೇ. 320×200, 256 ಬಣ್ಣ, ಪಿಕ್ಸೆಲಿಗೊಂದು ಬೈಟು, ಒಟ್ಟು 64,000. ಪದರದ ರಗಳೆ ಇಲ್ಲ. ಸಾಲನ್ನು 320ರಿಂದ ಗುಣಿಸಿ ಕಾಲಂ ಕೂಡಿಸಿದರೆ ವಿಳಾಸ ಸಿಗುತ್ತದೆ. ಮೆಮೊರಿ ಕೇಳಿ ಪಡೆಯುವ ಫಾರ್‌ಮ್ಯಾಲಾಕಿನಿಂದ ಇನ್ನೊಂದು 64,000 ಬೈಟ್ ತೆಗೆದುಕೊಂಡು ಅದರಲ್ಲಿ ಬಿಡಿಸಿ, ಪರದೆಗೆ ನಕಲು ಮಾಡಬಹುದು. ಆದರೆ ಈ ಮೋಡು ಸೆಕೆಂಡಿಗೆ 70 ಸಲ ಓದುತ್ತದೆ, ಎಂದರೆ ಒಂದು ಸುತ್ತಿಗೆ 14 ಮಿಲಿಸೆಕೆಂಡ್ ಚಿಲ್ಲರೆ. ನನ್ನ ಐಎಸ್‌ಎ ಕಾರ್ಡಿಗೆ ಪೂರ್ತಿ ಪರದೆ ನಕಲು ಮಾಡಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಇಲ್ಲೂ ಅಷ್ಟೇ, ಮುಳ್ಳು ಅಲ್ಲಾಡಿದ ಚೌಕವನ್ನಷ್ಟೇ ನಕಲು ಮಾಡಿ.

ಈ ಮೋಡಿನಲ್ಲಿ ಬಣ್ಣ ನೀವೇ ಕಲಸಬಹುದು. ಒಂದೊಂದು ಬಣ್ಣದ ಕೆಂಪು, ಹಸಿರು, ನೀಲಿ ಅಳತೆ 0ರಿಂದ 63ರವರೆಗೆ ಮಾತ್ರ, 255ರವರೆಗಲ್ಲ. ಒಬ್ಬ ಬೂದು ಬಣ್ಣದ ಬಟನ್ ಬೇಕು ಅಂತ ಮೂರಕ್ಕೂ 128 ಕೊಟ್ಟಿದ್ದ. ಕಾರ್ಡು ಕೆಳಗಿನ ಆರು ಬಿಟ್ ಮಾತ್ರ ನೋಡುತ್ತದೆ. 128ರ ಕೆಳಗಿನ ಆರು ಬಿಟ್ ಸೊನ್ನೆ. ಬಟನ್ ಕಪ್ಪಾಗಿ ಹಿನ್ನೆಲೆಯಲ್ಲಿ ಕರಗಿಹೋಯಿತು, ಅವನು ಮೌಸಿನಲ್ಲಿ ಕತ್ತಲಲ್ಲಿ ತಡಕಾಡುತ್ತಿದ್ದ.

ಮೌಸ್ ಅಂದಾಗ ನೆನಪಾಯಿತು. ಮೌಸ್ ಡ್ರೈವರನ್ನು ಮಾತಾಡಿಸುವ ಇಂಟರಪ್ಟ್ 33 ಹೆಕ್ಸ್ ಕರೆದರೆ ಜಾಗ, ಗುಂಡಿ ಎರಡೂ ಸಿಗುತ್ತವೆ. 320 ಅಗಲದ ಮೋಡಿನಲ್ಲೂ ಅಡ್ಡ ಅಳತೆ 639ರವರೆಗೆ ಬರುತ್ತದೆ, ಎರಡರಿಂದ ಭಾಗಿಸಿ. ಬಾಣದ ಕೆಳಗೆ ಏನಾದರೂ ಬಿಡಿಸುವ ಮುಂಚೆ ಬಾಣ ಅಡಗಿಸಿ, ಆಮೇಲೆ ತೋರಿಸಿ. ಇಲ್ಲದಿದ್ದರೆ ಬಾಣ ಸರಿದ ಜಾಗಕ್ಕೆ ಡ್ರೈವರು ತಾನು ಎತ್ತಿಟ್ಟುಕೊಂಡ ಹಳೇ ತುಂಡನ್ನೇ ತಂದು ಅಂಟಿಸುತ್ತದೆ.

ಕೊನೆಗೆ ಹುಡುಗನಿಗೆ ಡಯಲಿನ ಕೆಳಗೆ ಕನ್ನಡದಲ್ಲಿ 'ಒತ್ತಡ' ಅಂತ ಬರಬೇಕಿತ್ತು. ಸ್ಪೇಸ್ ಒತ್ತಿದರೆ 'ವೇಗ'. ಔಟ್‌ಟೆಕ್ಸ್ಟ್ಎಕ್ಸ್‌ವೈ ಇದಕ್ಕೆ ಆಗಿಬರುವುದಿಲ್ಲ, ಅದು ಎಡದಿಂದ ಬಲಕ್ಕೆ ಒಂದಾದ ಮೇಲೆ ಒಂದು ಅಕ್ಷರ ಜೋಡಿಸುತ್ತದೆ ಅಷ್ಟೇ, ಒತ್ತಕ್ಷರ ಕೆಳಗೆ ಕೂರಿಸುವುದು ಅದಕ್ಕೆ ಗೊತ್ತಿಲ್ಲ. ಚೌಕುಳಿ ಹಾಳೆಯಲ್ಲಿ 16×16 ಮನೆ ತುಂಬಿ ಒಂದೊಂದು ಅಕ್ಷರ ಬಿಡಿಸಿದೆವು, ಅಕ್ಷರಕ್ಕೆ 32 ಬೈಟು. ತ-ಒತ್ತು ಬೇರೆ ಚಿತ್ರ, ಅದನ್ನು 'ತ'ದ ಕೆಳಗೆ ಹತ್ತು ಸಾಲಿನ ಜಾಗದಲ್ಲಿ ಕೂರಿಸಿದೆವು. ಮೊದಲ ಸಲ 'ಒತ್ತಡ' ಪರದೆ ಮೇಲೆ ಮೂಡಿದಾಗ ಅವನ ಮುಖ ನೋಡಬೇಕಿತ್ತು.

ಆಮೇಲೆ ಸ್ಪೇಸ್ ಒತ್ತಿದ. 'ವೇಗ' ಬಂತು, ಅದರ ಕೆಳಗೆ ಒಂದು ತ-ಒತ್ತು ಹಾಗೇ ನೇತಾಡುತ್ತಿತ್ತು. ಅಳಿಸುವ ಚೌಕ 16 ಸಾಲಿಗೇ ನಿಂತಿತ್ತು. "ಕ್ಲಿಯರ್‌ಡಿವೈಸ್ ಹಾಕಿಬಿಡ್ಲಾ ಸರ್?" ಅಂದ. ನಾನು ಸುಮ್ನೆ ನೋಡಿದೆ. "ಬೇಡ ಬೇಡ" ಅನ್ನುತ್ತಾ 16 ಇದ್ದಲ್ಲಿ 26 ಬರೆದ.