ಬಿಲ್ ಇಲ್ಲದ ಬ್ರೇಕ್ ಪ್ಯಾಡ್: ಹೊಣೆ ಯಾರದು?

ಅರಬೈಲ್ ಘಟ್ಟ ಇಳಿಯುವಾಗ ಬ್ರೇಕ್ ಪ್ಯಾಡ್ ಕಾದು ಹಿಡಿತ ಬಿಡುವುದು ಎಲ್ಲರಿಗೂ ಗೊತ್ತು. ಕಾರವಾರ, ಅಂಕೋಲಾ ಕಡೆ ಇನ್ನೊಂದು ಕಾಟವಿದೆ: ಉಪ್ಪುಗಾಳಿಗೆ ಪ್ಯಾಡಿನ ಉಕ್ಕಿನ ತಗಡು ತುಕ್ಕು ಹಿಡಿದು, ಮೇಲೆ ಅಂಟಿಸಿದ ಲೈನಿಂಗ್ ಎದ್ದು ಬರುತ್ತದೆ. ಅಂಟು ಕಳಪೆಯಾಗಿದ್ದರೆ ಇನ್ನೂ ಬೇಗ. ಅದರಿಂದ ಯಾರಿಗಾದರೂ ಪೆಟ್ಟಾದರೆ ಉತ್ತರ ಹೇಳಬೇಕಾದವರು ಯಾರು?

ಈ ಜಗಳ ಕಾರಿನಷ್ಟೇ ಹಳೆಯದು. ಬ್ಯೂಕ್ ಕಾರಿನ ಮರದ ಚಕ್ರ ಮುರಿದು ಮಾಲೀಕನಿಗೆ ಗಾಯವಾಗಿತ್ತು. ಚಕ್ರ ಮಾಡಿದ್ದು ಬೇರೆ ಕಂಪನಿ, ಕಾರು ಮಾರಿದ್ದು ಡೀಲರ್. ಆದರೂ ಪರೀಕ್ಷಿಸದೆ ಚಕ್ರ ಜೋಡಿಸಿದ ಬ್ಯೂಕ್ ಕಂಪನಿಯೇ ಹೊಣೆ ಎಂದು 1916ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಹೇಳಿತು.

ನಮ್ಮಲ್ಲಿ 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಇವತ್ತಿಗೂ ಕೌಂಟರಿನ ಮಾತನ್ನೇ ನೋಡುತ್ತದೆ. "ಸ್ವಿಫ್ಟಿಗೆ ಯಾವ್ದು ಕೂರ್ತದೆ, ನೀವೇ ನೋಡಿ ಕೊಡಿ" ಎಂದು ಗಿರಾಕಿ ನಂಬಿ ಕೇಳಿದರೆ, ಆ ಕೆಲಸಕ್ಕೆ ಹೊಂದುವ ಮಾಲು ಕೊಡುವ ಹೊಣೆ ಅಂಗಡಿಯವರದು. ಬ್ರ್ಯಾಂಡ್ ಹೆಸರು ಹೇಳಿಯೇ ಕೊಂಡರೆ ಆ ಭಾರ ಇಳಿಯುತ್ತದೆ.

ಹೊರಗಿನ ಕಂಪನಿಯ ಬಿಡಿಭಾಗ ಮಾರುವುದೇ ತಪ್ಪೆಂಬ ಭಯ ಬೇಡ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದ್ದಕ್ಕೆ 14 ಕಾರು ಕಂಪನಿಗಳಿಗೆ ಸ್ಪರ್ಧಾ ಆಯೋಗ 2014ರಲ್ಲಿ ದಂಡ ಹಾಕಿತ್ತು. ಡಬ್ಬಿಯ ಮೇಲೆ "ಇಂಥ ಕಾರಿಗೆ ಹೊಂದುತ್ತದೆ" ಎಂದು ಬರೆಯಲು 1999ರ ಟ್ರೇಡ್ ಮಾರ್ಕ್ ಕಾಯ್ದೆಯೂ ಬಿಡುತ್ತದೆ. ಕಾರು ಕಂಪನಿಯ ಲೋಗೋ ಹೊಡೆದ ಡುಪ್ಲಿಕೇಟ್ ಮಾತ್ರ ಅಪರಾಧ. ನಕಲಿ ಸರಕಿನಿಂದ ಸಾವಾದರೆ ಕನಿಷ್ಠ 7 ವರ್ಷ ಜೈಲು, 10 ಲಕ್ಷ ರೂ.ಗಿಂತ ಕಡಿಮೆಯಿಲ್ಲದ ದಂಡ.

ಈ ಶಿಕ್ಷೆ ಇರುವುದು 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ. ಅಂಗಡಿಯವರು ಓದಲೇಬೇಕಾದದ್ದು ಅದರ 86ನೇ ಕಲಂ. ತಯಾರಕ ಯಾರೆಂದು ಗೊತ್ತಿಲ್ಲದಿದ್ದರೆ, ಗೊತ್ತಿದ್ದರೂ ಅವನಿಗೆ ನೋಟಿಸ್ ತಲುಪಿಸಲಾಗದಿದ್ದರೆ, ಹೊಣೆ ಮಾರಿದವರ ಮೇಲೆ ಬೀಳುತ್ತದೆ. ಬಿಲ್ ಇಲ್ಲದೆ ಚೀಲದಲ್ಲಿ ಬಂದ ಮಾಲಿನ ನಿಜವಾದ ಬೆಲೆ ಇದು. "ಎರಡು ವರ್ಷ ಏನೂ ಆಗಲ್ಲ, ನಾನು ಗ್ಯಾರಂಟಿ" ಎಂಬ ಸ್ವಂತ ಭರವಸೆಗೂ ಅದೇ ಗತಿ. ತಯಾರಕರ ಸೂಚನಾ ಚೀಟಿಯನ್ನು ಗಿರಾಕಿಗೆ ಕೊಡದೆ, ಅದರಿಂದಲೇ ಪೆಟ್ಟಾದರೂ ಹೊಣೆ ಮಾರಿದವರದೇ. ಹೊಸ ಪ್ಯಾಡ್ ಡಿಸ್ಕಿಗೆ ಉಜ್ಜಿ ಹದವಾಗುವ ತನಕ ಜೋರಾಗಿ ಬ್ರೇಕ್ ತುಳಿಯಬಾರದೆಂಬ ಎಚ್ಚರಿಕೆ ಇರುವುದು ಆ ಚೀಟಿಯಲ್ಲೇ. ಗ್ಯಾರೇಜಿನಲ್ಲಿ ಡಬ್ಬಿಯ ಜೊತೆ ಕಸದ ಬುಟ್ಟಿಗೆ ಹೋಗುವುದೂ ಅದೇ. ತಪ್ಪಾಗಿ ಕೂರಿಸಿದ್ದಕ್ಕೆ ಮೆಕ್ಯಾನಿಕ್ ಬೇರೆಯಾಗಿ ಉತ್ತರಿಸಬೇಕು.

ಹಾಗಾಗಿ ಸಗಟು ಬಿಲ್ ಎತ್ತಿಡಿ. ಮಾರುವ ಬಿಲ್ಲಿನಲ್ಲಿ ಬ್ರ್ಯಾಂಡ್, ಪಾರ್ಟ್ ನಂಬರ್, ಬ್ಯಾಚ್ ನಂಬರ್, ಗಾಡಿಯ ಮಾಡೆಲ್ ಬರೆಯಿರಿ. ದೂರಿಗೆ ಎರಡು ವರ್ಷ ಗಡುವಿದೆ, ತಡವಾದದ್ದಕ್ಕೆ ಸಕಾರಣ ತೋರಿಸಿದರೆ ಇನ್ನೂ ಹೆಚ್ಚು. ಕಾಗದ ಅಷ್ಟು ದಿನವಾದರೂ ಉಳಿಯಬೇಕು. ಪ್ಯಾಡ್ ಕೊಂಡದ್ದು ಹುಬ್ಬಳ್ಳಿಯಲ್ಲೋ ಮಡಗಾಂವಿನಲ್ಲೋ ಆದರೂ ಶಿರಸಿಯ ಗ್ರಾಹಕರು ಕಾರವಾರದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ.