ಗುಲಾಬಿ ಕಾಯಿಕೊರಕಕ್ಕೆ ಎರಡು ಹೆಸರೇಕೆ?

ಪ್ರಶ್ನೆ: ಹಳೆಯ ಕೃಷಿ ಪುಸ್ತಕದಲ್ಲಿ ಹತ್ತಿಯ ಗುಲಾಬಿ ಕಾಯಿಕೊರಕವನ್ನು ಪ್ಲಾಟಿಯೆಡ್ರಾ ಗಾಸಿಪಿಯೆಲ್ಲಾ ಎಂದು ಕರೆದಿದ್ದಾರೆ, ಹೊಸ ಕರಪತ್ರಗಳಲ್ಲಿ ಪೆಕ್ಟಿನೋಫೋರಾ ಗಾಸಿಪಿಯೆಲ್ಲಾ ಎಂದಿದೆ. ಇವು ಬೇರೆ ಬೇರೆ ಹುಳುಗಳೇ?

ಉತ್ತರ: ಅಲ್ಲ, ಎರಡೂ ಒಂದೇ ಪತಂಗದ ಹೆಸರುಗಳು. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಹತ್ತಿ ಬೆಳೆಗಾರರು ಮೇಲಿಂದ ಮೇಲೆ ಕೇಳುವ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಗುಜರಾತಿನ ಭರೂಚ್‌ನಲ್ಲಿ ಹತ್ತಿಯನ್ನು ಹಾಳುಮಾಡುತ್ತಿದ್ದ ಈ ಕೀಟವನ್ನು ಸಾಂಡರ್ಸ್ ಎಂಬವರು 1844ರಲ್ಲಿ ಮೊದಲು ವರ್ಣಿಸಿ, ಡಿಪ್ರೆಸ್ಸಾರಿಯಾ ಎಂಬ ಕುಲಕ್ಕೆ, ಅಂದರೆ ಹತ್ತಿರದ ಸಂಬಂಧವಿರುವ ಪ್ರಭೇದಗಳ ಗುಂಪಿಗೆ, ಸೇರಿಸಿದರು. ಮುಂದೆ ಅದು ಗೆಲೆಕಿಯಾ ಕುಲಕ್ಕೆ, ಆಮೇಲೆ ಪ್ಲಾಟಿಯೆಡ್ರಾ ಕುಲಕ್ಕೆ ಹೋಯಿತು. 1917ರಲ್ಲಿ ಕೀಟಶಾಸ್ತ್ರಜ್ಞ ಆಗಸ್ಟ್ ಬಸ್ಕ್ ಇದಕ್ಕಾಗಿಯೇ ಪೆಕ್ಟಿನೋಫೋರಾ ಎಂಬ ಹೊಸ ಕುಲವನ್ನು ರಚಿಸಿದರು. ಆದರೂ ಹಳೆಯ ಹೆಸರು ಪುಸ್ತಕಗಳಲ್ಲಿ ಹಲವು ದಶಕ ಉಳಿದುಕೊಂಡಿತು. ಕುಲ ಬದಲಾದಾಗ ಮೊದಲು ವರ್ಣಿಸಿದವರ ಹೆಸರನ್ನು ಆವರಣದೊಳಗೆ ಬರೆಯುವುದು ರೂಢಿಯಾದ್ದರಿಂದ, ಇಂದಿಗೂ ಸಾಂಡರ್ಸ್ ಹೆಸರು ಆವರಣದಲ್ಲೇ ಕಾಣುತ್ತದೆ.

ಪೆಕ್ಟಿನೋಫೋರಾ ಬಹಳ ಚಿಕ್ಕ ಕುಲ. ಗಾಸಿಪಿಯೆಲ್ಲಾ ಬಿಟ್ಟರೆ ಅದರಲ್ಲಿರುವುದು ಆಸ್ಟ್ರೇಲಿಯಾದ ಸ್ಕ್ಯೂಟಿಜೆರಾ ಮತ್ತು ಎಂಡೆಮಾ ಎಂಬ ಇನ್ನೆರಡೇ ಪ್ರಭೇದಗಳು. ಅವುಗಳನ್ನು 1926 ಮತ್ತು 1958ರಲ್ಲಿ ವರ್ಣಿಸಲಾಯಿತು. ಈ ಬೂದುಗಂದು ಪತಂಗಗಳ ಮೇಲ್ನೋಟದ ಬಣ್ಣವನ್ನಷ್ಟೇ ನಂಬಿ ಪ್ರಭೇದ ಹೇಳಲಾಗದು. ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಡಿ ನೋಡಲೇಬೇಕಾಗುತ್ತದೆ. ಕುಟುಂಬವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಹಿಂದಿನ ರೆಕ್ಕೆಯನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ, ಅದರ ತುದಿ ಚೂಪಾಗಿ ಮುಂದೆ ಚಾಚಿ, ಅದರ ಕೆಳಗಿನ ಅಂಚು ತುಸು ಒಳಸರಿದಿರುತ್ತದೆ. ಸುತ್ತಲೂ ಉದ್ದ ಕೂದಲಿನ ಝಾಲರಿಯಿರುತ್ತದೆ. ಬಾಯಿಯ ಪಕ್ಕದ ಎರಡು ಸ್ಪರ್ಶಾಂಗಗಳು ತಲೆಯ ಮುಂದೆ ಮೇಲಕ್ಕೆ ಬಾಗಿರುತ್ತವೆ. ಇವು ಗೆಲೆಕಿಯಿಡೇ ಕುಟುಂಬದ ಲಕ್ಷಣಗಳು.

ಹೊಲದಲ್ಲಿ ನಿಜವಾಗಿ ತೊಂದರೆ ಕೊಡುವುದು ಕಾಯಿಕೊರಕ ಎಂಬ ಸಾಮಾನ್ಯ ಹೆಸರೇ ಎಂಬುದು ನನ್ನ ಅಭಿಪ್ರಾಯ. ಹಸಿರು ಕಾಯಿಕೊರಕವಾದ ಹೆಲಿಕೋವರ್ಪಾ ಗಾತ್ರದಲ್ಲಿ ಬಹಳ ದೊಡ್ಡದು, ನಾಕ್ಟುಯಿಡೇ ಎಂಬ ಬೇರೆಯೇ ಕುಟುಂಬದ್ದು. ಅದನ್ನೂ ಹೀಲಿಯೋಥಿಸ್ ಕುಲದಿಂದ 1965ರಲ್ಲಿ ಹಾರ್ಡ್‌ವಿಕ್ ಬೇರ್ಪಡಿಸಿದರು. ಗುಲಾಬಿ ಕಾಯಿಕೊರಕದ ಗಂಡನ್ನು ಸೆಳೆಯುವ ಗಾಸಿಪ್ಲೂರ್ ಮೋಹಕ ವಸ್ತುವಿಗೆ ಹೆಲಿಕೋವರ್ಪಾ ಬರುವುದಿಲ್ಲ, ಅದಕ್ಕೆ ಬೇರೆಯ ಮೋಹಕವೇ ಬೇಕು. ಆದ್ದರಿಂದ ಮೋಹಕವಿಟ್ಟು ಪತಂಗ ಹಿಡಿಯುವ ಬಲೆ ಕೊಳ್ಳುವಾಗ ಪೊಟ್ಟಣದ ಮೇಲೆ ಯಾವ ಕಾಯಿಕೊರಕದ ಹೆಸರಿದೆ ಎಂಬುದನ್ನು ನೋಡಿ ತೆಗೆದುಕೊಳ್ಳಿ; ಹಳೆಯ ವರದಿಗಳನ್ನು ಹುಡುಕುವಾಗಲಂತೂ ಪ್ಲಾಟಿಯೆಡ್ರಾ, ಪೆಕ್ಟಿನೋಫೋರಾ ಎರಡೂ ಹೆಸರುಗಳಡಿ ಹುಡುಕಿ.